ತಟ್ಟೆಯಿಂದ ಒಗರು ಹೋದ ಮೇಲೆ

2025ರ ಮೇ, ಜೂನ್‌ನಲ್ಲಿ ಹಾಸನದ ಕಡೆಯಿಂದ ಹೆಚ್ಚುಕಡಿಮೆ ದಿನಾ ಒಂದು ಹೃದಯಾಘಾತದ ಸುದ್ದಿ ಬರುತ್ತಿತ್ತು. ಇಪ್ಪತ್ತರ ಆಸುಪಾಸಿನ ಮಕ್ಕಳೂ ಅದರಲ್ಲಿದ್ದರು. ಚಿಕ್ಕಮಗಳೂರಿನಿಂದ ಬೇಲೂರು ದಾಟಿದರೆ ಹಾಸನವೇ ತಾನೇ, ನಮ್ಮ ಅರ್ಧ ನೆಂಟಸ್ತಿಕೆ ಆ ಕಡೆಯದು, ಹಾಗಾಗಿ ಪಕ್ಕದ ಜಿಲ್ಲೆಯ ಸುದ್ದಿ ಅಂತ ಇಲ್ಲಿ ಯಾರಿಗೂ ಅನ್ನಿಸಲಿಲ್ಲ. ಜನ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಸಮಿತಿ ಪರಿಶೀಲಿಸಿ, ಸಾವುಗಳು ಹಿಂದಿನದಕ್ಕಿಂತ ಅಸಹಜವಾಗಿ ಏರಿಲ್ಲ ಅಂತ ಹೇಳಿತು. ಕಂಡ ಕಾರಣಗಳೂ ನಮಗೆ ಗೊತ್ತಿರುವವೇ: ಬಿಪಿ, ಸಕ್ಕರೆ ಕಾಯಿಲೆ, ಸಿಗರೇಟು, ಕುಡಿತ, ಬೊಜ್ಜು.

ವರದಿ ಬಂತು, ಟಿವಿಯವರು ಬೇರೆ ಸುದ್ದಿಗೆ ಹೋದರು. ಭಯ ಮಾತ್ರ ಉಳಿಯಿತು. ಭಯ ಇದ್ದ ಕಡೆ ಡಬ್ಬಿಗಳು ಬರುತ್ತವೆ. ದ್ರಾಕ್ಷಿ ಬೀಜದ ಸಾರ, ಗ್ರೀನ್ ಟೀ ಮಾತ್ರೆ, ಎಲ್ಲದರ ಮೇಲೂ ಪಾಲಿಫೀನಾಲ್ ಅಂತ ದಪ್ಪ ಅಕ್ಷರ. ಮೊಬೈಲಿಗೆ ಬಂದ ಒಂದು ಫಾರ್ವರ್ಡನ್ನು ತೋರಿಸಿ, ಬಿಪಿ ಮಾತ್ರೆ ಬಿಟ್ಟು ಇದನ್ನು ತಗೊಳ್ಳಬಹುದಾ ಅಂತ ನಮ್ಮ ಬೀದಿಯ ಹಿರಿಯರೊಬ್ಬರು ಕೇಳಿದ ದಿನ ನನಗೆ ನಿಜಕ್ಕೂ ಸಂಕಟವಾಯಿತು. ಆಗಿನಿಂದ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಓದಿದಷ್ಟೂ ನನಗೆ ಒಂದು ಸಂಗತಿ ಕಾಡತೊಡಗಿದೆ. ಡಬ್ಬಿಯಲ್ಲಿ ಮಾರುತ್ತಿರುವುದನ್ನು ನಾವೇ ನಮ್ಮ ಅಡುಗೆಮನೆಯಿಂದ ಸ್ವಲ್ಪ ಸ್ವಲ್ಪವಾಗಿ ಹೊರಗೆ ಹಾಕಿದ್ದೇವೆ. ರಾಗಿಯ ತೌಡು, ಕಾಳಿನ ಸಿಪ್ಪೆ, ಪೇರಲೆ ಕುಡಿ, ಬಾಳೆಹೂವು, ಹೀಗೆ ನಾಲಿಗೆಗೆ ಒಗರಾದದ್ದೆಲ್ಲ ಒಂದೊಂದಾಗಿ ತಟ್ಟೆ ಬಿಟ್ಟಿದೆ. ಅದು ನಷ್ಟ ಅಂತ ನನಗೆ ಖಚಿತವಾಗಿ ಅನ್ನಿಸುತ್ತದೆ. ಆದರೆ ಎಷ್ಟು ದೊಡ್ಡ ನಷ್ಟ, ಎಂಥ ನಷ್ಟ ಅನ್ನೋದನ್ನು ಉತ್ಪ್ರೇಕ್ಷೆ ಇಲ್ಲದೆ ಹೇಳಬೇಕು.

ಮೊದಲು ವಸ್ತು ಯಾವುದು ಅಂತ ನೋಡೋಣ. ಗಿಡ ಓಡಿಹೋಗಲು ಆಗುವುದಿಲ್ಲ. ಹುಳ ಬಂದರೂ, ಬಿಸಿಲು ಸುಟ್ಟರೂ, ಬೂಸ್ಟು ಹತ್ತಿದರೂ ನಿಂತಲ್ಲೇ ಎದುರಿಸಬೇಕು. ಅದಕ್ಕೆ ಅದು ಸಾವಿರಾರು ಬಗೆಯ ರಾಸಾಯನಿಕಗಳನ್ನು ತಯಾರಿಸುತ್ತದೆ. ಪಾಲಿಫೀನಾಲ್‌ಗಳು ಅವುಗಳಲ್ಲಿ ಒಂದು ದೊಡ್ಡ ಕುಟುಂಬ. ನೇರಳೆ ಹಣ್ಣು ತಿಂದಾಗ ನಾಲಿಗೆಗೆ ಹತ್ತುವ ಬಣ್ಣ ಆಂಥೋಸಯನಿನ್, ಅದೂ ಇದೇ ಕುಟುಂಬದ್ದು. ತಿಂದ ಮೇಲೆ ಬಾಯಿ ಒಣಗಿ ಹಿಡಿದಂತಾಗುತ್ತದಲ್ಲ, ಅದು ಟ್ಯಾನಿನ್. ಅದು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ನುಣುಪನ್ನು ತೆಗೆಯುತ್ತದೆ. ಕಾಫಿ ಕೊಯ್ಲಿನಲ್ಲಿ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಓಡಿಸಿದವರಿಗೆ ಗೊತ್ತು, ಹಣ್ಣು ತೊಳೆದ ನೀರು ಬರಬರುತ್ತಾ ಕಪ್ಪಾಗುತ್ತದೆ. ಹಣ್ಣಿನ ಸಿಪ್ಪೆಯಲ್ಲಿರುವ ಇಂಥವೇ ಬಣ್ಣದ ಅಂಶಗಳು ಅದಕ್ಕೆ ಕಾರಣ. ಇವೆಲ್ಲ ಹೆಚ್ಚಾಗಿ ಇರುವುದು ಹೊರಗಡೆಯೇ: ಸಿಪ್ಪೆ, ತೌಡು, ಚಿಗುರು. ಹುಳ ಮೊದಲು ಬಾಯಿ ಹಾಕುವ ಜಾಗ ಅದೇ ಅಲ್ವಾ?

ಈಗ ಹೃದಯದ ಕಡೆ. ರಕ್ತನಾಳ ಅಂದರೆ ಕಾಫಿ ತೋಟದಲ್ಲಿ ಹೂ ಅರಳಲಿ ಅಂತ ನೀರು ಹೊಡೆಯುವ ಸ್ಪ್ರಿಂಕ್ಲರ್ ಪೈಪ್ ಥರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಒಳಗೆ ಕೊಬ್ಬು ಕಟ್ಟಿತು, ಬ್ಲಾಕ್ ಆಯಿತು, ಅಷ್ಟೇ ಅಂತ. ಆದರೆ ರಕ್ತನಾಳಕ್ಕೆ ಜೀವ ಇದೆ. ಅದರ ಒಳಮೈಗೆ ಒಂದೇ ಕೋಶದಷ್ಟು ತೆಳ್ಳಗಿನ ಪದರ ಇರುತ್ತದೆ, ಎಂಡೋಥೀಲಿಯಂ ಅಂತ. ರಾಬರ್ಟ್ ಫರ್ಚ್‌ಗಾಟ್ ಎಂಬ ಅಮೆರಿಕದ ವಿಜ್ಞಾನಿ ಮೊಲದ ಮಹಾಅಪಧಮನಿಯ ಚೂರುಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಒಂದು ಔಷಧ ಹಾಕಿದರೆ ನಾಳ ಕೆಲವು ಸಲ ಸಡಿಲವಾಗುತ್ತಿತ್ತು, ಕೆಲವು ಸಲ ಬಿಗಿಯಾಗುತ್ತಿತ್ತು. ಚೂರು ತಯಾರಿಸುವಾಗ ಆ ತೆಳು ಪದರ ಉಜ್ಜಿಹೋಗಿದ್ದರೆ ನಾಳ ಸಡಿಲವಾಗುವುದಿಲ್ಲ, ಪದರ ಉಳಿದಿದ್ದರೆ ಮಾತ್ರ ಆಗುತ್ತದೆ ಅಂತ ಅವರು 1980ರಲ್ಲಿ ಬರೆದರು. ಪದರದಿಂದ ಹೊರಡುವ ಆ ಸಂದೇಶ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಅಂತ ಆಮೇಲೆ ಗೊತ್ತಾಯಿತು. 1998ರಲ್ಲಿ ಫರ್ಚ್‌ಗಾಟ್, ಲೂಯಿಸ್ ಇಗ್ನಾರೋ, ಫೆರಿಡ್ ಮುರಾದ್ ಮೂವರಿಗೂ ನೊಬೆಲ್ ಬಂತು. ಈ ಅನಿಲ ಸರಿಯಾಗಿ ಉತ್ಪತ್ತಿಯಾದರೆ ನಾಳ ಹಿಗ್ಗುತ್ತದೆ, ರಕ್ತ ಅನಗತ್ಯವಾಗಿ ಹೆಪ್ಪುಗಟ್ಟುವುದೂ ಕಡಿಮೆ. ಸಿಗರೇಟು, ಸಕ್ಕರೆ ಕಾಯಿಲೆ, ಬಿಪಿ ಮೊದಲು ಕೆಡಿಸುವುದು ಇದನ್ನೇ.

ಇದನ್ನು ಬದುಕಿರುವ ಮನುಷ್ಯರಲ್ಲಿ ಅಳೆಯುವ ವಿಧಾನ ನನಗೆ ತುಂಬಾ ಇಷ್ಟವಾಯಿತು, ಅಷ್ಟು ಸರಳ. ಕೈಗೆ ಬಿಪಿ ಪಟ್ಟಿ ಕಟ್ಟಿ, ಬಿಗಿಯಾಗಿ ಉಬ್ಬಿಸಿ, 5 ನಿಮಿಷ ಹಾಗೇ ಇಡುತ್ತಾರೆ. ಕೈ ಜೋಮು ಹಿಡಿಯುತ್ತದೆ. ಆಮೇಲೆ ಒಮ್ಮೆಲೇ ಬಿಟ್ಟರೆ ತಡೆದಿದ್ದ ರಕ್ತ ನುಗ್ಗುತ್ತದೆ. ಆಗ ತೋಳಿನ ನಾಳ ಎಷ್ಟು ಹಿಗ್ಗಿತು ಅಂತ ಅಲ್ಟ್ರಾಸೌಂಡಿನಲ್ಲಿ ನೋಡುತ್ತಾರೆ. ಒಳಪದರ ಚೆನ್ನಾಗಿದ್ದವರ ನಾಳ ಜಾಸ್ತಿ ಹಿಗ್ಗುತ್ತದೆ. ಕೊಕೊ, ಚಹಾ, ಬೆರ್ರಿ ಹಣ್ಣು ಕೊಟ್ಟ ಹಲವು ಪ್ರಯೋಗಗಳಲ್ಲಿ, ತಿಂದ ಒಂದೆರಡು ಗಂಟೆಯಲ್ಲೇ ಈ ಹಿಗ್ಗುವಿಕೆ ಸ್ವಲ್ಪ ಹೆಚ್ಚಾಗಿದ್ದು ಕಂಡಿದೆ. ಕೊಕೊದಲ್ಲಿರುವ ಎಪಿಕ್ಯಾಟೆಚಿನ್ ಎಂಬ ಪಾಲಿಫೀನಾಲ್ ನೈಟ್ರಿಕ್ ಆಕ್ಸೈಡ್ ಹೆಚ್ಚಿಸುತ್ತದೆ ಅನ್ನೋದಕ್ಕೆ ಒಳ್ಳೆಯ ಆಧಾರ ಇದೆ.

ಇಲ್ಲಿ ಒಂದು ಹಳೆಯ ವಿವರಣೆಯನ್ನು ಬಿಟ್ಟುಬಿಡಬೇಕು. ಪಾಲಿಫೀನಾಲ್ ಅಂದರೆ ಆ್ಯಂಟಿ ಆಕ್ಸಿಡೆಂಟ್, ದೇಹದೊಳಗೆ ಹೋಗಿ ಕೆಟ್ಟ ಕಣಗಳನ್ನು ನುಂಗುತ್ತದೆ ಅಂತ ಈಗಲೂ ಡಬ್ಬಿಗಳ ಮೇಲೆ ಬರೆಯುತ್ತಾರೆ. ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿ ಅದು ನಿಜವೇ. ಆದರೆ ನಾವು ತಿಂದದ್ದರಲ್ಲಿ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಅಷ್ಟರಿಂದ ಅಂಥ ದೊಡ್ಡ ಕೆಲಸ ನಡೆಯುವುದಿಲ್ಲ. ಯಾವ ಹಣ್ಣಿಗೆ ಎಷ್ಟು ಆ್ಯಂಟಿ ಆಕ್ಸಿಡೆಂಟ್ ಅಂಕ ಅಂತ ಅಮೆರಿಕದ ಕೃಷಿ ಇಲಾಖೆಯೇ ಒಂದು ಪಟ್ಟಿ ಇಟ್ಟಿತ್ತು. ಆ ಅಂಕಗಳಿಗೂ ದೇಹದೊಳಗಿನ ಪರಿಣಾಮಕ್ಕೂ ಸಂಬಂಧ ಸಿಗಲಿಲ್ಲ, ಮಾರುವವರು ದುರುಪಯೋಗ ಮಾಡುತ್ತಿದ್ದಾರೆ ಅಂತ 2012ರಲ್ಲಿ ಪಟ್ಟಿಯನ್ನೇ ತೆಗೆದುಹಾಕಿತು. ಇಷ್ಟು ವರ್ಷದ ಮೇಲೂ ನಮ್ಮೂರಿನ ಅಂಗಡಿಯ ಡಬ್ಬಿಗಳಿಗೆ ಆ ಸುದ್ದಿ ಮುಟ್ಟಿಲ್ಲ ಅನ್ನೋದು ಬೇಸರದ ಮಾತು.

ಹಾಗಾದರೆ ರಕ್ತಕ್ಕೆ ಸೇರದ ಭಾಗ ಎಲ್ಲಿ ಹೋಗುತ್ತದೆ? ದೊಡ್ಡ ಕರುಳಿಗೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಒಡೆದು ಚಿಕ್ಕ ಚಿಕ್ಕ ಅಣುಗಳನ್ನಾಗಿ ಮಾಡುತ್ತವೆ. ಆ ಚಿಕ್ಕವು ರಕ್ತ ಸೇರಿ ಸುಮಾರು ಹೊತ್ತು ಓಡಾಡುತ್ತವೆ. ಕಾಫಿಯ ಮುಖ್ಯ ಪಾಲಿಫೀನಾಲ್ ಆದ ಕ್ಲೋರೋಜೆನಿಕ್ ಆಮ್ಲದಲ್ಲಿ ಮೂರನೇ ಒಂದು ಭಾಗ ಮಾತ್ರ ಸಣ್ಣ ಕರುಳಲ್ಲಿ ಹೀರಿಕೆಯಾಗುತ್ತದೆ, ಉಳಿದದ್ದು ಮುಂದಕ್ಕೆ ಹೋಗುತ್ತದೆ ಅಂತ ಡಚ್ ಸಂಶೋಧಕರು 2001ರಲ್ಲಿ ತೋರಿಸಿದರು. ಯಾರ ಹೊಟ್ಟೆಯಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅನ್ನೋದರ ಮೇಲೆ ಫಲ ಬದಲಾಗುತ್ತದೆ. ಒಂದೇ ದಾಳಿಂಬೆ ತಿಂದ ಇಬ್ಬರ ರಕ್ತದಲ್ಲಿ ಒಂದೇ ವಸ್ತು ಸಿಗಬೇಕು ಅಂತಿಲ್ಲ. ಡಬ್ಬಿ ಕಂಪನಿಗಳು ಹೇಳದ ಮಾತು ಇದು. ಈ ಬ್ಯಾಕ್ಟೀರಿಯಾಗಳು ಬದುಕುವುದು ನಾರಿನ ಮೇಲೆ, ಕ್ಯಾಪ್ಸೂಲಿನಲ್ಲಿ ನಾರು ಎಲ್ಲಿದೆ?

ರಾಗಿ ವಿಷಯಕ್ಕೆ ಬರುತ್ತೇನೆ. ನಮ್ಮ ಜಿಲ್ಲೆ ವಿಚಿತ್ರ. ಕೊಪ್ಪ, ಶೃಂಗೇರಿ ಕಡೆ ಅಪ್ಪಟ ಮಲೆನಾಡು, ಕಡೂರು, ಅಜ್ಜಂಪುರ ಕಡೆ ರಾಗಿಯ ಬಯಲು. ಅತ್ತ ಅರಸೀಕೆರೆ, ಚನ್ನರಾಯಪಟ್ಟಣಕ್ಕೆ ಹೋದರೂ ಮುದ್ದೆಯೇ. ರಾಗಿಯ ಪಾಲಿಫೀನಾಲ್ ಬಹುತೇಕ ಅದರ ಕೆಂಗಂದು ಹೊರಪದರದಲ್ಲಿದೆ. ಬಿಳಿ ರಾಗಿ ತಳಿಗಳಲ್ಲಿ ಅದು ತೀರಾ ಕಡಿಮೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಈ ಹೊರಪದರದ ಅಂಶಗಳನ್ನು ಬೇರ್ಪಡಿಸಿ, ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳನ್ನು ಅವು ತಡೆಯುತ್ತವೆ ಅಂತ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಆ ಹೊರಪದರದಲ್ಲಿ ಫೆರುಲಿಕ್ ಆಮ್ಲ ಎಂಬ ಪಾಲಿಫೀನಾಲ್ ನಾರಿಗೆ ಅಂಟಿಕೊಂಡಿರುತ್ತದೆ, ಅದನ್ನು ಬಿಡಿಸುವುದು ಕರುಳಿನ ಬ್ಯಾಕ್ಟೀರಿಯಾಗಳೇ.

ಈಗ ಮನೆಯಲ್ಲಿ ನಡೆಯುವುದನ್ನು ನೋಡಿ. ಗಿರಣಿಯಿಂದ ಹಿಟ್ಟು ಬರುತ್ತದೆ. ಸಣ್ಣ ಕಣ್ಣಿನ ಜರಡಿ ಹಿಡಿಯುತ್ತಾರೆ. ಹಿಟ್ಟು ಬಿಳಿಚಿಕೊಂಡು ಕೆಳಗೆ ಉದುರುತ್ತದೆ, ಜರಡಿ ಮೇಲೆ ಕೆಂಗಂದು ಚಕ್ಕೆ ಉಳಿಯುತ್ತದೆ. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ, ಬಾಯಿಗೆ ಹಾಕಿದರೆ ತರಿತರಿ, ಸಣ್ಣಗೆ ಒಗರು. ಅದು ಹಸುವಿನ ಬಾನಿಗೆ ಹೋಗುತ್ತದೆ. ಮುದ್ದೆ ನುಣ್ಣಗೆ, ಜಾರುವಂತೆ ಬರಲಿ ಅಂತ ಹೀಗೆ ಮಾಡುತ್ತಾರೆ, ಮಾಡುವವರ ಕಾಳಜಿ ದೊಡ್ಡದೇ. ಆದರೆ ಹೋಗಿದ್ದು ಏನು ಅಂತ ಗೊತ್ತಿದ್ದರೆ ಜರಡಿಯನ್ನು ಗೋಡೆಗೆ ತಗುಲಿಹಾಕಬಹುದು ಅಂತ ನನ್ನ ಆಸೆ. ಮುದ್ದೆ ಸ್ವಲ್ಪ ತರಿಯಾದರೂ ಹುರುಳಿ ಬಸ್ಸಾರಿನಲ್ಲಿ ಅದ್ದಿದರೆ ಗೊತ್ತೂ ಆಗುವುದಿಲ್ಲ. ಹುರುಳಿಯ ಸಿಪ್ಪೆಯಲ್ಲೂ ಇದೇ ಸರಕು ಇದೆ. ರಾಗಿ ತಿಂದವರಿಗೆ ಹೃದಯಾಘಾತ ಇಷ್ಟು ಕಡಿಮೆ ಅಂತ ಯಾರಾದರೂ ಲೆಕ್ಕ ಕೊಟ್ಟರೆ ಮಾತ್ರ ನಂಬಬೇಡಿ, ಅಂಥ ದೊಡ್ಡ ಪ್ರಯೋಗ ನಡೆದಿಲ್ಲ.

ದೊಡ್ಡ ಅಧ್ಯಯನಗಳು ನಡೆದಿರುವುದು ಬೇರೆ ಕಡೆ. 1993ರಲ್ಲಿ ನೆದರ್‌ಲೆಂಡ್ಸಿನ ಜುಟ್ಫೆನ್ ಊರಿನ 65ರಿಂದ 84 ವಯಸ್ಸಿನ 805 ಗಂಡಸರ ಅಧ್ಯಯನ ಪ್ರಕಟವಾಯಿತು. ಚಹಾ, ಈರುಳ್ಳಿ, ಸೇಬಿನಿಂದ ಫ್ಲೇವನಾಯ್ಡ್ ಎಂಬ ಬಗೆಯ ಪಾಲಿಫೀನಾಲ್ ಹೆಚ್ಚು ಪಡೆದವರಲ್ಲಿ ಹೃದಯ ಕಾಯಿಲೆಯ ಸಾವು ಕಡಿಮೆ ಇತ್ತು. 2013ರಲ್ಲಿ ಅಮೆರಿಕದ 93,600 ನರ್ಸ್‌ಗಳ ಅಧ್ಯಯನ ಬಂತು. ಆಂಥೋಸಯನಿನ್ ಅತಿ ಹೆಚ್ಚು ತಿಂದ ಗುಂಪಿನಲ್ಲಿ ಹೃದಯಾಘಾತದ ಅಪಾಯ ಶೇ 32ರಷ್ಟು ಕಡಿಮೆ. ಕೇಳಲು ಚೆಂದ. ಆದರೆ ಇವೆಲ್ಲ ಜನರನ್ನು ಗಮನಿಸಿ ಬರೆದ ಲೆಕ್ಕಗಳು. ಬೆರ್ರಿ ತಿನ್ನುವವರು ವಾಕಿಂಗೂ ಹೋಗುತ್ತಾರೆ, ಸಿಗರೇಟು ಸೇದುವುದೂ ಕಡಿಮೆ. ಎಷ್ಟೇ ಸರಿದೂಗಿಸಿದರೂ ಹಣ್ಣಿನ ಪಾಲು ಎಷ್ಟು, ಬದುಕಿನ ಪಾಲು ಎಷ್ಟು ಅಂತ ಪೂರ್ತಿ ಬೇರೆ ಮಾಡುವುದು ಕಷ್ಟ.

ಅದಕ್ಕೇ ಕಾಸ್ಮಾಸ್ ಎಂಬ ಪ್ರಯೋಗ ಮುಖ್ಯ. ಅಮೆರಿಕದಲ್ಲಿ 21,442 ಹಿರಿಯರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿಗೆ ದಿನಾ 500 ಮಿಲಿಗ್ರಾಂ ಫ್ಲೇವನಾಲ್ (ಕೊಕೊದ ಪಾಲಿಫೀನಾಲ್), ಇನ್ನೊಂದಕ್ಕೆ ಖಾಲಿ ಮಾತ್ರೆ ಕೊಟ್ಟರು. ಸುಮಾರು ಮೂರೂವರೆ ವರ್ಷ ನೋಡಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೃದಯಾಘಾತ, ಪಾರ್ಶ್ವವಾಯು ಎಲ್ಲ ಸೇರಿಸಿದರೆ ಶೇ 10ರಷ್ಟು ಇಳಿಕೆ ಕಂಡಿತು, ಆದರೆ ಅದು ಆಕಸ್ಮಿಕವೂ ಇರಬಹುದಾದಷ್ಟು ಸಣ್ಣದು. ಹೃದಯ, ರಕ್ತನಾಳದ ಕಾಯಿಲೆಯಿಂದ ಸತ್ತವರ ಲೆಕ್ಕ ಮಾತ್ರ ತೆಗೆದರೆ ಶೇ 27ರಷ್ಟು ಕಡಿಮೆ. ಮುಖ್ಯ ಪ್ರಶ್ನೆಗೆ ಸ್ಪಷ್ಟ ಹೌದು ಸಿಗಲಿಲ್ಲ, ಪಕ್ಕದ ಪ್ರಶ್ನೆಗೆ ಆಸೆ ಹುಟ್ಟಿಸುವ ಉತ್ತರ ಸಿಕ್ಕಿತು. ಅದೂ ಚಾಕೊಲೇಟ್ ಕಂಪನಿಯ ಹಣ ಸೇರಿದ್ದ ಪ್ರಯೋಗ. ರೆಡ್ ವೈನಿನಲ್ಲಿರುವ ರೆಸ್ವೆರಾಟ್ರಾಲ್ ಎಂಬ ಪಾಲಿಫೀನಾಲ್‌ಗೆ ಇಷ್ಟೂ ಭಾಗ್ಯ ಇಲ್ಲ. ಇಟಲಿಯ ಕಿಯಾಂಟಿ ಪ್ರದೇಶದ ಹಿರಿಯರ ಮೂತ್ರದಲ್ಲಿ ಅದರ ಅಂಶ ಅಳೆದು ನೋಡಿದಾಗ, ಹೆಚ್ಚಿದ್ದವರು ಹೆಚ್ಚು ಬದುಕಿದ ಗುರುತು ಇರಲಿಲ್ಲ. ಇದು 2014ರ ಮಾತು. ಹೃದಯಕ್ಕೆ ಒಳ್ಳೆಯದು ಅಂತ ಸಂಜೆ ಒಂದು ಗ್ಲಾಸ್ ಶುರುಮಾಡಿದವರು ದಯವಿಟ್ಟು ಇದನ್ನು ಎರಡು ಸಲ ಓದಿ.

ಕಾಫಿ ಬಗ್ಗೆ ಹೇಳದೆ ಚಿಕ್ಕಮಗಳೂರಿನವರು ಈ ವಿಷಯ ಮುಗಿಸಲು ಆಗುವುದಿಲ್ಲ. ಬಾಬಾಬುಡನ್ ಗಿರಿಯ ಬುಡದಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಲೋಟ ಹಿಡಿಯದ ಮನೆ ಇಲ್ಲಿ ಇಲ್ಲ. ದಿನಕ್ಕೆ ಮೂರ್ನಾಲ್ಕು ಕಪ್ ಕುಡಿಯುವವರಲ್ಲಿ ಹೃದಯ ಕಾಯಿಲೆ ಕಡಿಮೆ ಅಂತ ಹಲವು ದೇಶಗಳ ಗಮನಿಕೆಗಳು ಹೇಳುತ್ತವೆ. ಅದರ ಕ್ಲೋರೋಜೆನಿಕ್ ಆಮ್ಲಕ್ಕೆ ಇದರಲ್ಲಿ ಪಾಲಿದೆ ಅಂತ ವಿಜ್ಞಾನಿಗಳ ಅಂದಾಜು. ಅರೇಬಿಕಾಗಿಂತ ರೋಬಸ್ಟಾದಲ್ಲಿ ಅದು ಜಾಸ್ತಿ. ರೋಬಸ್ಟಾವನ್ನು ಕೀಳಾಗಿ ನೋಡುವವರಿಗೆ ಇದನ್ನು ಹೇಳಲು ನನಗೆ ಖುಷಿ. ಆದರೆ ಹುರಿದಷ್ಟೂ ಅದು ಒಡೆಯುತ್ತದೆ. ನಮ್ಮವರಿಗೆ ಇಷ್ಟವಾದ ಕಪ್ಪು ಹುರಿಯುವಿಕೆಯಲ್ಲಿ ಬಹುಪಾಲು ಹೋಗಿರುತ್ತದೆ. ಅದರ ಮೇಲೆ ಚಿಕೋರಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕು ಅನ್ನೋದು ಕಾನೂನು. ಅಂದರೆ ಪ್ಯಾಕೆಟ್ಟಿನಲ್ಲಿ ಅರ್ಧದಷ್ಟು ಕಾಫಿಯೇ ಅಲ್ಲದಿರಬಹುದು. ಹಾಲು ಹಾಕಿದರೆ ಏನಾಗುತ್ತದೆ ಅನ್ನೋದರಲ್ಲಿ ಒಮ್ಮತ ಇಲ್ಲ. 2007ರಲ್ಲಿ ಬರ್ಲಿನ್ನಿನಲ್ಲಿ 16 ಮಹಿಳೆಯರಿಗೆ ಚಹಾ ಕೊಟ್ಟಾಗ ನಾಳ ಚೆನ್ನಾಗಿ ಹಿಗ್ಗಿತು, ಹಾಲು ಬೆರೆಸಿದಾಗ ಹಿಗ್ಗಲಿಲ್ಲ. ಬೇರೆ ಪ್ರಯೋಗಗಳು ಅದನ್ನು ಒಪ್ಪಲಿಲ್ಲ. ಹಾಲಿನ ಬಗ್ಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿ ದಿನಕ್ಕೆ ಐದು ಸಲ ಕುಡಿಯೋದು ನನಗೆ ದೊಡ್ಡ ಚಿಂತೆ.

ಇನ್ನೊಂದು ಸಂಗತಿ ಇದೆ, ಅದನ್ನು ನಮ್ಮ ಕಡೆ ಯಾರೂ ಹೇಳೋದಿಲ್ಲ. ಕಾಫಿ ಎಣ್ಣೆಯಲ್ಲಿ ಕೆಫೆಸ್ಟಾಲ್ ಎಂಬ ವಸ್ತುವಿದೆ. ಅದು ಪಾಲಿಫೀನಾಲ್ ಅಲ್ಲ, ಮತ್ತು ಅದು ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಏರಿಸುತ್ತದೆ. ನಾರ್ವೆಯ ಟ್ರೊಮ್ಸೊ ಊರಿನಲ್ಲಿ ಕಾಫಿ ಜಾಸ್ತಿ ಕುಡಿಯುವವರ ಕೊಲೆಸ್ಟರಾಲ್ ಜಾಸ್ತಿ ಇದ್ದದ್ದು 1983ರಲ್ಲಿ ಪ್ರಕಟವಾಯಿತು. ಅಲ್ಲಿ ಪುಡಿಯನ್ನು ನೀರಲ್ಲಿ ಕುದಿಸಿ ಹಾಗೇ ಬಗ್ಗಿಸಿ ಕುಡಿಯುತ್ತಿದ್ದರು. ಕಾಗದದ ಫಿಲ್ಟರು ಕೆಫೆಸ್ಟಾಲನ್ನು ಹಿಡಿದಿಡುತ್ತದೆ. 2020ರಲ್ಲಿ ನಾರ್ವೆಯದೇ ಐದು ಲಕ್ಷ ಜನರ ಲೆಕ್ಕ ಬಂದಾಗ, ಸೋಸಿದ ಕಾಫಿ ಕುಡಿದವರ ಸ್ಥಿತಿ ಸೋಸದೆ ಕುಡಿದವರಿಗಿಂತ ಚೆನ್ನಾಗಿತ್ತು. ನಮ್ಮ ಸ್ಟೀಲ್ ಫಿಲ್ಟರಿನ ತೂತುಗಳು ಕಾಗದದಷ್ಟು ತಡೆಯುವುದಿಲ್ಲ. ಕೊಲೆಸ್ಟರಾಲ್ ಏರಿದವರು ಡಿಕಾಕ್ಷನ್ನನ್ನು ಒಂದು ತೆಳು ಬಟ್ಟೆಯಲ್ಲೋ ಕಾಗದದಲ್ಲೋ ಇನ್ನೊಮ್ಮೆ ಸೋಸಿದರೆ ಒಳ್ಳೆಯದು. ಹಳೇ ಮಲೆನಾಡಿನ ಮನೆಗಳಲ್ಲಿ ಕಾಫಿ ಬಟ್ಟೆ ಅಂತಲೇ ಒಂದು ಇರುತ್ತಿತ್ತಲ್ಲ, ಅದನ್ನು ಮತ್ತೆ ಹೊರಗೆ ತೆಗೆಯಿರಿ.

ಗಿಡದಲ್ಲಿರುವ ಪಾಲಿಫೀನಾಲ್ ಎಲ್ಲವೂ ಒಳ್ಳೆಯದು ಅನ್ನುವವರಿಗೆ ಅಡಿಕೆ ತೋರಿಸಬೇಕು. ಕೊಪ್ಪ, ಶೃಂಗೇರಿ ಕಡೆ ಸುಗ್ಗಿಯಲ್ಲಿ ಹಸಿ ಅಡಿಕೆ ಸುಲಿದು ದೊಡ್ಡ ಹಂಡೆಯಲ್ಲಿ ಬೇಯಿಸುತ್ತಾರೆ. ಬೆಂದ ನೀರು ಕಡುಗೆಂಪಾಗಿ, ಕಾಯಿಸುತ್ತಾ ಹೋದರೆ ಅಂಟಂಟಾಗಿ ಚೊಗರು ಆಗುತ್ತದೆ. ಕೈಗೆ ಹತ್ತಿದರೆ ವಾರವಾದರೂ ಬಿಡದು. ಮುಂದಿನ ಅಡಿಕೆಗೆ ಬಣ್ಣ ಕಟ್ಟುವುದು ಅದೇ. ಟ್ಯಾನಿನ್, ಕ್ಯಾಟೆಚಿನ್ ತುಂಬಿ ತುಳುಕುವ ವಸ್ತು ಅದು. ಆದರೂ ಅಡಿಕೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ ಮೊದಲ ಗುಂಪಿಗೆ ಸೇರಿಸಿದೆ. ತೈವಾನಿನ ಅಧ್ಯಯನಗಳು ಅಗಿಯುವವರಲ್ಲಿ ಹೃದಯ ಕಾಯಿಲೆ ಹೆಚ್ಚು ಅಂದಿವೆ. ಅಡಿಕೆ ಬೆಳೆಯುವವರ ಮಧ್ಯೆ ಇದನ್ನು ಹೇಳುವುದು ಕಷ್ಟ, ಆದರೆ ಹೇಳಲೇಬೇಕು.

ನನಗೆ ಇದರಲ್ಲೆಲ್ಲ ಅತಿ ಪ್ರೀತಿಯದು ಕುಡಿ ತಂಬುಳಿ. ಪೇರಲೆಯ ಎಳೆ ಕುಡಿ ಒಂದು ಹಿಡಿ, ಇನ್ನೂ ಕೆಂಪು ಛಾಯೆ ಇರುವಾಗಲೇ ಚಿವುಟಬೇಕು. ಸ್ವಲ್ಪ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಬಾಡಿಸಿ, ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು. ದಾಳಿಂಬೆ ಸಿಪ್ಪೆ, ನೆಲ್ಲಿಕಾಯಿ, ಒಂದೆಲಗ, ಯಾವುದರಲ್ಲಾದರೂ ಮಾಡಬಹುದು. ಬಿಸಿ ಅನ್ನಕ್ಕೆ ಮೊದಲು ಇದನ್ನು ಕಲಸುವ ಪದ್ಧತಿ ಇತ್ತು. ಈಗ ನಮ್ಮ ಹುಡುಗರು ಹೋಮ್‌ಸ್ಟೇಯಲ್ಲಿ ಪ್ರವಾಸಿಗರಿಗೆ ಬಡಿಸಿ, ತಾವು ಮಾತ್ರ ಫ್ರೈಡ್ ರೈಸ್ ತಿನ್ನುತ್ತಾರೆ. ತಂಬುಳಿ ಹೃದಯಾಘಾತ ತಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಉಪ್ಪು ಕಡಿಮೆ, ಎಣ್ಣೆ ಕಡಿಮೆ, ಸೊಪ್ಪು ಹೊಟ್ಟೆಗೆ ಹೋಗುತ್ತದೆ, ವಾರಕ್ಕೆ ನಾಲ್ಕು ಬಗೆಯ ಗಿಡ ತಟ್ಟೆಗೆ ಬರುತ್ತದೆ. ಪಾಲಿಫೀನಾಲ್‌ನ ಸಣ್ಣ ಸಹಾಯ ಅಂತ ಏನಿದೆ, ಅದು ಇಂಥ ಊಟದಲ್ಲಿ, ವರ್ಷಗಟ್ಟಲೆ, ಬೇರೆಲ್ಲದರ ಜೊತೆ ಸೇರಿದಾಗ ಕೈಗೆ ಸಿಗುತ್ತದೆ.

ಸಣ್ಣದು ಅಂತ ಯಾಕೆ ಮತ್ತೆ ಮತ್ತೆ ಹೇಳುತ್ತಿದ್ದೇನೆ ಅಂದರೆ, ದೊಡ್ಡದು ಬೇರೆ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಓದಿದ ಹೃದಯತಜ್ಞ ಸಲೀಂ ಯೂಸುಫ್ 52 ದೇಶಗಳಲ್ಲಿ ನಡೆಸಿದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಬಂತು. ಮೊದಲ ಹೃದಯಾಘಾತದ ಬಹುಪಾಲು ಅಪಾಯವನ್ನು ಒಂಬತ್ತೇ ಕಾರಣ ವಿವರಿಸುತ್ತವೆ ಅಂತ ಅದು ಹೇಳಿತು. ತಂಬಾಕು ಮತ್ತು ಕೊಲೆಸ್ಟರಾಲ್ ಎಲ್ಲಕ್ಕಿಂತ ಮೇಲಿವೆ. ಹಣ್ಣು ತರಕಾರಿ ದಿನಾ ತಿನ್ನದಿರುವುದೂ ಪಟ್ಟಿಯಲ್ಲಿದೆ. ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತ ಸರಾಸರಿ 53ಕ್ಕೆ, ಬೇರೆಯವರಿಗೆ ಸುಮಾರು 59ಕ್ಕೆ ಅಂತ ಅದೇ ಅಧ್ಯಯನದ ಮುಂದಿನ ಲೆಕ್ಕ. ಆ ಆರು ವರ್ಷ ತುಂಬಲು ಬಿಪಿ ನೋಡಿಸಬೇಕು, ಸಕ್ಕರೆ ನೋಡಿಸಬೇಕು, ಬೀಡಿ ಬಿಡಬೇಕು, ಬರೆದುಕೊಟ್ಟ ಮಾತ್ರೆ ನುಂಗಬೇಕು.

ಕೊನೆಗೆ ಎರಡು ಎಚ್ಚರಿಕೆ, ಎರಡೂ ನಮ್ಮ ಕಡೆಯವರಿಗೆ ಬೇಕಾದವು. ತೋಟದ ಕೆಲಸದ ಹೆಂಗಸರು ಬುತ್ತಿ ಊಟದ ಜೊತೆಗೇ ಚಹಾ, ಕಾಫಿ ಕುಡಿಯುತ್ತಾರೆ. ಇದೇ ಪಾಲಿಫೀನಾಲ್‌ಗಳು ಊಟದಲ್ಲಿರುವ ಕಬ್ಬಿಣದ ಅಂಶಕ್ಕೆ ಅಂಟಿಕೊಂಡು ಹೀರಿಕೆಯಾಗಲು ಬಿಡುವುದಿಲ್ಲ. ಒಂದು ಪ್ರಯೋಗದಲ್ಲಿ ಊಟದ ಜೊತೆಗಿನ ಕಾಫಿ ಕಬ್ಬಿಣದ ಹೀರಿಕೆಯನ್ನು ಶೇ 39ರಷ್ಟು ಇಳಿಸಿತು, ಚಹಾ ಶೇ 64ರಷ್ಟು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ತೊಂದರೆ ಆಗಲಿಲ್ಲ, ಊಟವಾಗಿ ಒಂದು ಗಂಟೆಗೆ ಕುಡಿದರೂ ತೊಂದರೆ ಇತ್ತು. ರಕ್ತ ಕಡಿಮೆ ಇರುವವರು ಕಾಫಿಯನ್ನು ಊಟದಿಂದ ದೂರ ಇಡಿ, ಬುತ್ತಿಗೆ ನಿಂಬೆ ಹಿಂಡಿಕೊಳ್ಳಿ.

ಇನ್ನೊಂದು ಚಕ್ಕೋತ. ಹಿತ್ತಲಲ್ಲಿ ಮರ ಇರುವ ಮನೆಗಳು ಇಲ್ಲಿ ತುಂಬಾ, ಬಿಟ್ಟ ಕಾಲದಲ್ಲಿ ಹಂಚಿ ತಿನ್ನುತ್ತೇವೆ. ಅದರ ಕಹಿ ನರಿಂಜಿನ್, ಅದೂ ಪಾಲಿಫೀನಾಲೇ. ಗ್ರೇಪ್‌ಫ್ರೂಟ್ ಎಂಬ ಹಣ್ಣು ಹುಟ್ಟಿದ್ದು ಚಕ್ಕೋತ ಮತ್ತು ಕಿತ್ತಳೆಯ ಮಿಶ್ರಣದಿಂದ. ಕೆನಡಾದಲ್ಲಿ 1989ರ ಸುಮಾರಿಗೆ, ಮದ್ಯದ ರುಚಿ ಮುಚ್ಚಲು ಗ್ರೇಪ್‌ಫ್ರೂಟ್ ರಸ ಬೆರೆಸಿ ಫೆಲೋಡಿಪಿನ್ ಎಂಬ ಬಿಪಿ ಮಾತ್ರೆ ಪರೀಕ್ಷಿಸುತ್ತಿದ್ದಾಗ, ರಕ್ತದಲ್ಲಿ ಔಷಧದ ಪ್ರಮಾಣ ವಿಪರೀತ ಏರಿದ್ದು ಕಂಡಿತು. ಮೊದಲು ನರಿಂಜಿನ್ ಮೇಲೆ ಅನುಮಾನ ಬಂತು, ಆಮೇಲೆ ನಿಜವಾದ ಕಾರಣ ಫ್ಯುರಾನೋಕೂಮರಿನ್ ಎಂಬ ಬೇರೆ ವಸ್ತು ಅಂತ ತಿಳಿಯಿತು. ಕರುಳಲ್ಲಿ ಔಷಧವನ್ನು ಒಡೆಯುವ ಕಿಣ್ವವನ್ನು ಅದು ಕೆಡಿಸುತ್ತದೆ. ಚಕ್ಕೋತದಲ್ಲೂ ಅದು ಇದೆ. ಕೊಲೆಸ್ಟರಾಲ್ ಇಳಿಸುವ ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್ ಮಾತ್ರೆ ತೆಗೆದುಕೊಳ್ಳುವವರು ಚಕ್ಕೋತವನ್ನು ದಿನಾ ತಿನ್ನುವ ಮೊದಲು ಡಾಕ್ಟರನ್ನು ಕೇಳಿ. ರೋಸುವಾಸ್ಟಾಟಿನ್‌ಗೆ ಈ ತೊಂದರೆ ಇಲ್ಲ. ನಮ್ಮ ಬೀದಿಯ ಆ ಹಿರಿಯರಿಗೂ ಇದನ್ನು ಬರೆದುಕೊಟ್ಟಿದ್ದೇನೆ. ಬಿಪಿ ಮಾತ್ರೆಯನ್ನು ಅವರು ಬಿಟ್ಟಿಲ್ಲ, ಡಬ್ಬಿ ತರಿಸಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಮಾತ್ರೆಯ ಪಟ್ಟಿಯ ಜೊತೆಗೆ ಚಕ್ಕೋತದ ವಿಷಯವನ್ನೂ ಕೇಳುತ್ತೇನೆ ಅಂದಿದ್ದಾರೆ.